ಗುರಪ್ಪನ ಗುರುವಾರದ ಸಂಗೀತ

ಗುರಪ್ಪ ತನ್ನ ಮೂವತ್ತನಾಲ್ಕು ವರ್ಷದ ಬಾಳಿನಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಅದನ್ನೂ ಪಾಪ, ಯೋಚನೆ ಮಾಡಿ ಹೇಳಿದ್ದಲ್ಲ. ಚಿಂಚಲಿ ಸ್ಟೇಶನ್ನಿನಲ್ಲಿ ಮಿರಜಿ ಪ್ಯಾಸೆಂಜರಿಗೆ ಕಾಯುತ್ತ ನಿಂತಿದ್ದಾಗ ಪಕ್ಕದ ಮನೆಯ ಕಸ್ತೂರೆವ್ವ ಎದುರಿಗೇ ಬಂದು ನಿಂತಳು.

"ಏನೋ ಗುರಪ್ಪ, ಗುರುವಾರ ಬಂತಂದ್ರ ಮಿರಜಿ ಗಾಡಿ ಹತ್ತತಿ. ಏನೈತ್ಯೋ ಅಲ್ಲಿ?"

ಕಸ್ತೂರೆವ್ವನಿಗೆ ಉತ್ತರ ಕೊಟ್ಟರೆ ಇಡೀ ಊರಿಗೆ ಕೊಟ್ಟಂತೆ. ಗುರಪ್ಪನ ನಾಲಿಗೆ ಒಣಗಿತು. ಅಷ್ಟರಲ್ಲಿ ಎದುರಿನ ಬೆಂಚಿನ ಮೇಲೆ ಯಾರೋ ಒಬ್ಬರು, ರಿಪೇರಿಗೆ ಒಯ್ಯುತ್ತಿದ್ದ ತಂಬೂರಿಯನ್ನು ಹಳೆ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತದ್ದು ಕಣ್ಣಿಗೆ ಬಿತ್ತು.

"ಸಂಗೀತ ಕಲಿಯಾಕ ಹೊಂಟೇನ್ರಿ ಕಾಕು" ಎಂದುಬಿಟ್ಟ.

"ಅಯ್ಯ ಶಿವನ! ನೀ?" ಎಂದಳು ಕಸ್ತೂರೆವ್ವ. ಅವಳ ತಪ್ಪೇನೂ ಇಲ್ಲ. ಗುರಪ್ಪ ಕೆಮ್ಮಿದರೂ ಶ್ರುತಿ ತಪ್ಪುತ್ತಿತ್ತು.

ನಿಜ ಸಂಗತಿ ಬೇರೆ. ಗುರಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಕಡಿಯುವ ಚೀಟಿ ಬರೆಯುವ ಕಾರಕೂನ. ಚೀಟಿ ಬಂದ ಹೊಲದ ಕಬ್ಬು ಮೊದಲು ಕಡಿಯುತ್ತಾರೆ, ಬರದ ಹೊಲದ್ದು ನಿಂತಲ್ಲೇ ಒಣಗುತ್ತದೆ. ಹಾಗಾಗಿ ಹಲ್ಲುಜ್ಜುವಾಗ, ಊಟ ಮಾಡುವಾಗ, ಕೊನೆಗೆ ಚೊಂಬು ಹಿಡಿದು ಬಯಲಿಗೆ ಹೋದಾಗಲೂ ಯಾರಾದರೊಬ್ಬರು ಬಂದು "ನಂದೇನಾತ್ರಿ?" ಎಂದು ಕೇಳುವವರೇ. ಹೋದ ಹಂಗಾಮಿನಲ್ಲಿ ಒಂದು ದಿನ ಚೀಟಿ ಬರೆಯುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಎದೆ ಧಡಧಡ ಹೊಡೆದುಕೊಂಡು ಕೈ ನಡುಗಿತು. ಈಗಲೇ ಸತ್ತೆ ಅನ್ನಿಸಿತು. ಸಾಯಲಿಲ್ಲ. ಆದರೆ ಮರುದಿನವೂ ಹಾಗೇ ಆಯಿತು. ಆಮೇಲೆ ಮನೆಯ ಬಾಗಿಲಿಗೆ ಹಾಕಿದ ಕೀಲಿಯನ್ನು ಏಳು ಸಲ ಜಗ್ಗಿ ನೋಡದೆ ಹೊರಗೆ ಕಾಲಿಡುವುದು ಕಷ್ಟವಾಯಿತು.

ಮಿರಜಿಯ ದವಾಖಾನೆಯವರು ಎದೆ ಬಡಿತದ ಇಸಿಜಿ ಪಟ್ಟಿ ತೆಗೆದು, "ಎದಿ ಕಲ್ಲಿನಂಗ ಐತಿ, ನೀವು ಇವರ ಕಡೆ ಹೋಗ್ರಿ" ಎಂದು ಇನ್ನೊಬ್ಬ ಡಾಕ್ಟರರ ವಿಳಾಸ ಬರೆದು ಕೊಟ್ಟರು. ಆ ಡಾಕ್ಟರರು ಮನಸ್ಸಿನ ಡಾಕ್ಟರು. ತಂಬೂರಿ ಮಾಡುವವರ ಓಣಿಗೆ ಹೋಗುವ ದಾರಿಯಲ್ಲೇ, ಒಂದು ಮಾಳಿಗೆಯ ಮೇಲೆ ಅವರ ಬೋರ್ಡು. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಗುರಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡು ಕಳ್ಳನ ಹಾಗೆ ಆ ಮೆಟ್ಟಿಲು ಹತ್ತುತ್ತಿದ್ದ. ಡಾಕ್ಟರರು "ಏನ್ ಅನಸ್ತೈತಿ, ಹೇಳ್ರಿ" ಅನ್ನುತ್ತಿದ್ದರು. ಇವನು ಒಂದು ತಾಸು ಹೇಳುತ್ತಿದ್ದ. ಕಬ್ಬಿನ ಚೀಟಿ ಕೇಳದೆ ತನ್ನ ಮಾತು ಕೇಳಿದ ಮೊದಲನೆಯ ಮನುಷ್ಯ ಅವರೇ ಎಂದು ಗುರಪ್ಪನಿಗೆ ಅವರ ಮೇಲೆ ಬಹಳ ಪ್ರೀತಿ. ಉಸಿರನ್ನು ನಿಧಾನವಾಗಿ ಎಳೆದು, ಬೆರಳು ಎಣಿಸುತ್ತ ಬಿಡುವುದನ್ನು ಅವರೇ ಕಲಿಸಿದ್ದರು. ಈಗ ಏಳು ಸಲದ ಕೀಲಿ ಮೂರು ಸಲಕ್ಕೆ ಇಳಿದಿತ್ತು.

ಹೀಗೇ ಗುಟ್ಟಾಗಿ ಗುಣವಾಗಿಬಿಡುತ್ತಿದ್ದನೋ ಏನೋ. ಅಷ್ಟರಲ್ಲಿ ಟೀವಿಯಲ್ಲಿ ಆ ದರಿದ್ರ ಧಾರಾವಾಹಿ ಶುರುವಾಯಿತು.

ಅದು ಮರಾಠಿಯದು. ಹೆಸರು 'ಆತಾ ಕಾಯ ಹೋಣಾರ?' ಅಂದರೆ, ಈಗೇನಾಗ್ತದೋ! ಅದರೊಳಗೆ ನಾನಾ ಎಂಬ ಒಬ್ಬ ಅಂಜುಬುರುಕ. ಅವನಿಗೆ ಎಲ್ಲದಕ್ಕೂ ಎದೆ ಧಡಧಡ. ವಾರವಾರವೂ ಮನಸ್ಸಿನ ಡಾಕ್ಟರರ ಮಂಚದ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಕೈ ಇಟ್ಟುಕೊಂಡು, "ಡಾಕ್ಟರ, ಆತಾ ಕಾಯ ಹೋಣಾರ?" ಅನ್ನುತ್ತಿದ್ದ. ಇಡೀ ಓಣಿ ಕಸ್ತೂರೆವ್ವನ ಪಡಸಾಲೆಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅದು ಬರುತ್ತಿದ್ದುದೂ ಗುರುವಾರ ಸಂಜೆಯೇ. ಗುರಪ್ಪ ಬೆಳಿಗ್ಗೆ ಖುದ್ದಾಗಿ ಹೋಗಿ ಬಂದದ್ದನ್ನು ಸಂಜೆ ಟೀವಿಯಲ್ಲಿ ಮತ್ತೊಮ್ಮೆ ನೋಡಿ, ಎಲ್ಲರ ಜೊತೆ ನಗಬೇಕಾಗಿತ್ತು. ನಗದಿದ್ದರೆ ಕಸ್ತೂರೆವ್ವ "ಯಾಕೋ, ನಗು ಬರಲಿಲ್ಲೇನು?" ಎಂದು ಕೇಳುತ್ತಿದ್ದಳು.

ಒಂದು ಸಂಜೆ ಅವನ ತಾಯಿ ಮಲಕವ್ವ ಕಣ್ಣೊರೆಸಿಕೊಂಡು ನಗುತ್ತಲೇ ಅಂದಳು: "ನಗು ಬರ್ತೈತಿ ಖರೆ, ಆದ್ರ ಇಂಥಾ ಹುಚ್ಚ ಇದ್ದ ಮನ್ಯಾಗಿಂದ ಯಾರ್ ಹೆಣ್ಣು ತರ್ತಾರಬೇ?"

ಗುರಪ್ಪ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಒಳಗೆ ತಂಗಿ ಗಿರಿಜಾ ಉಳಿದವರ ಜೊತೆ ನಗುತ್ತಿದ್ದಳು. ಅವಳಿಗೆ ಇಪ್ಪತ್ತಮೂರು ತುಂಬಿತ್ತು. ತಂದೆ ಇಲ್ಲದ ಮನೆ. ತನ್ನ ಎದೆಯ ಧಡಧಡ ಊರಿಗೆ ಕೇಳಿಸಿದ ದಿನ ಅವಳ ಮದುವೆ ಮುಗಿದಂತೆ ಎಂದು ಗುರಪ್ಪನಿಗೆ ಖಾತ್ರಿಯಾಯಿತು. ಅಂದಿನಿಂದ ಮಿರಜಿಗೆ ಹೋಗುವಾಗ ಟವೆಲಿನ ಜೊತೆಗೆ ಒಂದು ಕಪ್ಪು ಕನ್ನಡಕವನ್ನೂ ಹಾಕಿಕೊಳ್ಳತೊಡಗಿದ.

ಅಂಥದರಲ್ಲಿ ಶೇಡಬಾಳದಿಂದ ಒಂದು ಸಂಬಂಧ ಬಂತು. ಹುಡುಗ ಅಥಣಿಯಲ್ಲಿ ಹೈಸ್ಕೂಲ್ ಮಾಸ್ತರ. ಹುಡುಗನ ತಂದೆ ರಾವಸಾಹೇಬರು ದ್ರಾಕ್ಷಿ ತೋಟದ ಧಣಿ. ಹೆಚ್ಚು ಮಾತಾಡದ, ಮೀಸೆಯಿಂದಲೇ ಆಳುಗಳನ್ನು ಆಳುವ ಮನುಷ್ಯ ಎಂದು ಹೆಸರು. "ಚೌಕಶಿ ಎಲ್ಲಾ ಮಾಡ್ಯಾರ, ಮನಿತನ ಪಸಂದ ಬಂದೈತಂತ. ಗುರುವಾರ ಕನ್ಯಾ ನೋಡಾಕ ಬರ್ತಾರ" ಎಂದಳು ಮಲಕವ್ವ.

"ಗುರುವಾರ ನಂದು ಸಂಗೀತ…" ಎಂದ ಗುರಪ್ಪ.

"ನಿನ್ನ ಸಂಗೀತಕ್ಕ ಬೆಂಕಿ ಹಚ್ಚು! ತಂಗಿ ಲಗ್ನ ದೊಡ್ಡದೋ, ನಿನ್ನ ಸಾರೀಗಮ ದೊಡ್ಡದೋ?"

ಗುರುವಾರ ನಾಲ್ಕು ಗಂಟೆಯ ಸುಮಾರಿಗೆ ಬಿಳಿ ಅಂಬಾಸಿಡರ್ ಕಾರು ಮನೆಯ ಮುಂದೆ ನಿಂತಿತು. ರಾವಸಾಹೇಬರು ಹೆಂಡತಿ, ಮಗನ ಜೊತೆ ಇಳಿದು, ಕಾರಿನ ಬಾಗಿಲಿಗೆ ಕೀಲಿ ಹಾಕಿ, ನಾಲ್ಕು ಹೆಜ್ಜೆ ಬಂದು, ತಿರುಗಿ ಹೋಗಿ ಹಿಡಿಕೆ ಜಗ್ಗಿ ನೋಡಿದರು. ಮತ್ತೆ ಬಂದರು, ಮತ್ತೆ ಹೋಗಿ ಜಗ್ಗಿದರು. "ಕಾರಿನ ಮ್ಯಾಲ ಭಾಳ ಜೀವ ಅನಸ್ತೈತಿ" ಎಂದು ಕಸ್ತೂರೆವ್ವ ಮಲಕವ್ವನ ಕಿವಿಯಲ್ಲಿ ಹೇಳಿದಳು. ಅವಳನ್ನು ಯಾರೂ ಕರೆದಿರಲಿಲ್ಲ. ಆರು ಚಹಾದ ಕಪ್ಪು ಕಡ ಕೊಟ್ಟಿದ್ದಳು. ಕಪ್ಪಿನ ಜೊತೆಗೆ ತಾನೂ ಬಂದಿದ್ದಳು.

ಅವಲಕ್ಕಿ ಆಯಿತು, ಶಿರಾ ಆಯಿತು, ಚಹಾ ಆಯಿತು. ಗಿರಿಜಾ ಬಂದು ಮಣೆಯ ಮೇಲೆ ಕೂತು ಹೆಸರು ಹೇಳಿದಳು. ರಾವಸಾಹೇಬರ ಹೆಂಡತಿ ಸೋನಾಬಾಯಿ ಗುಂಡಗೆ, ಬೆಳ್ಳಗೆ, ನಗಲು ಕಾರಣ ಹುಡುಕುವ ಹೆಂಗಸು. ಹುಡುಗಿಯನ್ನು ನೋಡಿದ ಕೂಡಲೇ ಮುಖ ಅರಳಿಸಿದಳು. ಹುಡುಗ ಒಂದು ಸಲ ಗಿರಿಜಾಳನ್ನೂ ಆರು ಸಲ ನೆಲವನ್ನೂ ನೋಡಿದ. ಎಲ್ಲವೂ ಸುರಳೀತ ಸಾಗುತ್ತಿತ್ತು. ಗುರಪ್ಪ ಗೋಡೆಗೆ ಆತುಕೊಂಡು, ಬಾಯಿ ಬಿಡದೆ, ಸಂಜೆಯವರೆಗೆ ಹೀಗೇ ಕಳೆದುಬಿಟ್ಟರೆ ಸಾಕೆಂದು ಕೂತಿದ್ದ.

ರಾವಸಾಹೇಬರು ಎದೆಯ ಕಿಸೆಯ ಮೇಲೆ ಕೈ ಇಟ್ಟುಕೊಂಡು ಮೊದಲ ಸಲ ಮಾತಾಡಿದರು. "ಹುಡಗಿ ಅಣ್ಣಾರು ಏನ್ ಮಾಡ್ತಾರ?"

ಮಲಕವ್ವ ಬಾಯಿ ತೆರೆಯುವ ಮೊದಲೇ ಕಸ್ತೂರೆವ್ವ ನುಗ್ಗಿದಳು. "ಕಾರಖಾನ್ಯಾಗ ಕಾರಕೂನರಿ. ಮ್ಯಾಲ ದೊಡ್ಡ ಗವಾಯಿ! ಆರು ತಿಂಗಳಾತು, ಗುರುವಾರ ಒಂದೂ ತಪ್ಪಸಂಗಿಲ್ಲ, ಮಿರಜ್ಯಾಗ ಉಸ್ತಾದರ ಕಡೆ ಕಲಿಯಾಕತ್ತಾನ!"

"ಹೌದೇನ್ರಿ!" ಸೋನಾಬಾಯಿ ಕೂತಲ್ಲೇ ಕುಣಿದಳು. "ನಮ್ಮ ಮನ್ಯಾಗ ಎಲ್ಲಾರಿಗೂ ಹಾಡಿನ ಹುಚ್ಚು. ಒಂದು ಹಾಡ್ರಿ, ಗುರಪ್ಪನ್ನಾರ!"

ಗುರಪ್ಪನ ಎದೆಯಲ್ಲಿ ಮೊದಲನೆಯ ಧಡ್ ಬಿತ್ತು.

"ಗಂಟಲಾ… ಕಟ್ಟೈತ್ರಿ" ಎಂದ.

ಮಲಕವ್ವ ಒಳಗೆ ಓಡಿ ಹೋಗಿ ಮೆಣಸು, ಬೆಲ್ಲ, ಬಿಸಿನೀರು ತಂದಳು. ಮೂರನ್ನೂ ಅವನ ಬಾಯಿಗೆ ಅವಳೇ ಹಾಕಿದಳು. ಗಂಟಲು ಬಿಟ್ಟಿತು, ಕಣ್ಣಲ್ಲಿ ನೀರು ಬಂತು.

"ತಬಲಾ ಇಲ್ದ ಹಾಡಬಾರದಂತ ಉಸ್ತಾದರು ಹೇಳ್ಯಾರ್ರಿ."

ಕಸ್ತೂರೆವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ ರಭಸಕ್ಕೆ ರಸ್ತೆಯ ನಾಯಿ ಎದ್ದು ನಿಂತಿತು. ಹತ್ತೇ ನಿಮಿಷದಲ್ಲಿ ಸೈಕಲ್ ಅಂಗಡಿಯ ದಸ್ತಗೀರ ಒಂದು ಕೈಯಲ್ಲಿ ತಬಲಾ, ಇನ್ನೊಂದು ಕೈಯಲ್ಲಿ ಹಾರ್ಮೋನಿಯಂ ಪೇಟಿ ಹಿಡಿದುಕೊಂಡು ಹಾಜರಾದ. ಭಜನಾ ಮೇಳದಲ್ಲಿ ಎರಡನ್ನೂ ಬಾರಿಸುವವನು ಅವನೇ. ಗುರಪ್ಪನ ಸಾಲೆಯ ಗೆಳೆಯ ಬೇರೆ.

"ಲೇ ಗುರ್ಯಾ, ಇಷ್ಟ ದಿನ ನನಗ ಒಂದು ಮಾತ ಹೇಳಲಿಲ್ಲ ನೋಡು! ಶ್ರುತಿಗೆ ಯಾವ ಪಟ್ಟಿ ಹಚ್ಚಲಿ? ಕಪ್ಪು ಎರಡೋ, ಬಿಳಿ ನಾಕೋ?"

"ಕಪ್ಪು" ಎಂದ ಗುರಪ್ಪ. ಅವನ ಕಣ್ಣ ಮುಂದೆ ಆಗ ಇದ್ದದ್ದು ಅದೊಂದೇ ಬಣ್ಣ.

ಇಷ್ಟರಲ್ಲಿ ಸಂಜೆಯಾಗಿತ್ತು. ಧಾರಾವಾಹಿ ನೋಡಲು ಕಸ್ತೂರೆವ್ವನ ಮನೆಯಲ್ಲಿ ಓಣಿಯ ಜನ ಆಗಲೇ ಜಾಗ ಹಿಡಿದು ಕೂತಿದ್ದರು. ಧಾರಾವಾಹಿಯ ಹಾಡು ಶುರುವಾಗಿ, ನಾನಾ ಎದೆಯ ಮೇಲೆ ಕೈ ಇಟ್ಟನೋ ಇಲ್ಲವೋ, ಕರೆಂಟು ಹೋಯಿತು. ಕತ್ತಲಲ್ಲಿ ಕೂತವರಿಗೆ ಪಕ್ಕದ ಮನೆಯಿಂದ ಪೇಟಿಯ ಸ್ವರ ಕೇಳಿಸಿತು. ಏನಾದರೂ ನೋಡಬೇಕೆಂದು ಬಂದ ಜನ. ಇಡೀ ಗುಂಪು ಎದ್ದು ಗುರಪ್ಪನ ಮನೆಗೆ ಬಂತು. ಪಡಸಾಲೆ ತುಂಬಿ ಕಟ್ಟೆ ತುಂಬಿತು, ಕಟ್ಟೆ ತುಂಬಿ ಅಂಗಳ ತುಂಬಿತು. ನಡುವೆ ಕಂದೀಲು. ಕಂದೀಲಿನ ಮುಂದೆ ಗುರಪ್ಪ.

ಅವನು ಕಣ್ಣು ಮುಚ್ಚಿ ಡಾಕ್ಟರರು ಹೇಳಿದ್ದನ್ನು ನೆನೆಸಿಕೊಂಡ. ಉಸಿರು ನಿಧಾನವಾಗಿ ಒಳಗೆ. ಬೆರಳು ಎಣಿಸುತ್ತ ಹೊರಗೆ. ಒಂದು, ಎರಡು, ಮೂರು, ನಾಲ್ಕು…

"ವಾಹ್ವಾ, ವಿಲಂಬಿತ!" ಎಂದ ದಸ್ತಗೀರ. ಆ ನಿಧಾನದ ಎಣಿಕೆಗೆ ಸರಿಯಾಗಿ ತಬಲಾ ಶುರು ಮಾಡಿದ.

ತಬಲಾದ ಪೆಟ್ಟು ಹೊರಗಿಂದ, ಎದೆಯ ಪೆಟ್ಟು ಒಳಗಿಂದ. ಬೆವರು ಕುತ್ತಿಗೆಯಿಂದ ಇಳಿದು ಬೆನ್ನಿಗೆ ಬಂತು. ಮಲಕವ್ವ ದೇವರಿಗೆ ಕೈ ಮುಗಿಯುತ್ತಿದ್ದಳು. ಬಾಗಿಲ ಸಂದಿಯಿಂದ ಗಿರಿಜಾ ಅಣ್ಣನನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ಹೆಮ್ಮೆ ತುಂಬಿಕೊಂಡು. ಆ ಹೆಮ್ಮೆಯನ್ನು ನೋಡಿದ್ದೇ ತಡ, ಗುರಪ್ಪನಿಗೆ ನಾಚಿಕೆಯಿಂದ ನೆಲ ಬಗೆದು ಒಳಗೆ ಹೋಗಬೇಕೆನ್ನಿಸಿತು. ಆರು ತಿಂಗಳು ತಾಯಿಗೆ, ತಂಗಿಗೆ, ಊರಿಗೆಲ್ಲ ಸುಳ್ಳು ಹೇಳಿದ್ದ. ಈಗ ಬೀಗರಾಗುವವರಿಗೂ ಹೇಳಬೇಕೆ? ಬಾಯಿ ತೆರೆದ. ಹಾಡು ಬರಲಿಲ್ಲ, ನಿಜ ಬಂತು.

"ನನಗ ಹಾಡಾಕ ಬರಂಗಿಲ್ರಿ!"

ತಬಲಾ ನಿಂತಿತು.

"ನಾ ಒಂದಿನಾನೂ ಸಂಗೀತ ಕಲಿಯಾಕ ಹೋಗಿಲ್ಲ. ಮಿರಜ್ಯಾಗ ಮನಸಿನ ಡಾಕ್ಟರ ಕಡೆ ಹೋಗ್ತೇನ್ರಿ. ನನಗ ಎದಿ ಧಡಧಡ ಅಂತೈತಿ. ಕೈ ನಡಗತಾವ. ಹಾಕಿದ ಕೀಲಿ ಏಳು ಸಲ ಜಗ್ಗತೇನಿ. ಯಾರರೆ ಬಾಗಲಾ ಬಡದ್ರ ಜೀವ ಹೋದಂಗ ಆಗತೈತಿ…"

ಮಲಕವ್ವನ ಮುಖ ಸುಣ್ಣದ ಗೋಡೆಯಾಯಿತು. ಮುಗಿಯಿತು, ಎಂದುಕೊಂಡ ಗುರಪ್ಪ. ತಂಗಿಯ ಮದುವೆ ಮುಗಿಯಿತು, ಮನೆತನದ ಮಾನ ಮುಗಿಯಿತು. ಆದರೂ ಎದೆಯ ಮೇಲಿನ ಕಲ್ಲೊಂದು ಜರುಗಿದಂತಾಗಿ ಒಂದು ಕ್ಷಣ ಹಗುರಾದ. ಅರಿವಿಲ್ಲದೆಯೇ ಅವನ ಬಲಗೈ ಎದೆಯ ಮೇಲೆ ಹೋಯಿತು.

ಅಂಗಳದ ಕಡೆಯಿಂದ ಯಾರೋ ಕೂಗಿದರು: "ಡಾಕ್ಟರ, ಆತಾ ಕಾಯ ಹೋಣಾರ?"

ಅಷ್ಟೇ. ಕಟ್ಟೆ ಒಡೆದಂತೆ ನಗು ನುಗ್ಗಿತು. ಕಟ್ಟೆಯ ಮೇಲಿನವರು ಅಂಗಳಕ್ಕೆ ಜಾರಿದರು. ಸೋನಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಂಡನ ಹೆಗಲಿಗೆ ಹೊಡೆಯತೊಡಗಿದಳು.

"ಹುಬೇಹುಬ, ಥೇಟ ನಾನಾ!" ಎಂದು ಕಿರುಚಿದಳು ಕಸ್ತೂರೆವ್ವ. "ಕರೆಂಟ್ ಹೋದ್ರ ಹೋಗ್ಲಿ ಬಿಡ್ರೇ, ನಮ್ಮ ಗುರಪ್ಪನೇ ಟೀವಿ ಆಗ್ಯಾನ!"

"ನಗಬ್ಯಾಡ್ರಿ!" ಗುರಪ್ಪ ಕೈ ಮುಗಿದ. "ಖರೇನ ಹೇಳಾಕತ್ತೇನ್ರಿ!"

ನಗು ಇಮ್ಮಡಿಯಾಯಿತು. ಯಾಕೆಂದರೆ ನಾನಾ ಕೂಡ ವಾರವಾರವೂ ಕೈ ಮುಗಿದು ಇದೇ ಮಾತು ಹೇಳುತ್ತಿದ್ದ. ದಸ್ತಗೀರನಂತೂ ಅವನ ಒಂದೊಂದು ಮಾತಿಗೂ ತಬಲಾದ ಮೇಲೆ ಒಂದೊಂದು ಉರುಳಿಕೆ ಕೊಟ್ಟ. ಗುರಪ್ಪನ ಕಣ್ಣಿಂದ ನೀರು ಹರಿಯಿತು.

"ಕಣ್ಣೀರು ನೋಡ್ರಬೇ, ಹ್ಯಾಂಗ ತಂದಾನ! ಇಂಥಾ ಕಲಾವಿದನ್ನ ಆರು ತಿಂಗಳು ಗುಟ್ಟಾಗಿ ತಯಾರ ಮಾಡ್ಯಾರ ನೋಡ್ರಿ ಮಿರಜ್ಯಾಗ!" ಎಂದಳು ಕಸ್ತೂರೆವ್ವ.

ಮಲಕವ್ವನ ಮುಖಕ್ಕೆ ರಕ್ತ ತಿರುಗಿ ಬಂತು. ಅವಳೂ ನಕ್ಕಳು. ಗಿರಿಜಾ ಕೂಡ ನಕ್ಕಳು. ಹುಡುಗ ಗಿರಿಜಾ ನಕ್ಕದ್ದನ್ನು ನೋಡಿ ನಕ್ಕ. ಅಷ್ಟು ಜನರಲ್ಲಿ ನಗದೆ ಕೂತವರು ರಾವಸಾಹೇಬರು ಒಬ್ಬರೇ. ಅವರು ಗುರಪ್ಪನ ನಡುಗುವ ಕೈಯನ್ನೇ ನೋಡುತ್ತಿದ್ದರು.

"ಸಂಬಂಧ ಪಕ್ಕಾ!" ಎಂದಳು ಸೋನಾಬಾಯಿ, ಉಸಿರು ಸಿಕ್ಕ ಮೇಲೆ. "ನಮ್ಮ ಮನ್ಯಾಗ ಇವರು ನಗೂದಿಲ್ಲ, ನಗಸೂದಿಲ್ಲ. ಇಂಥಾ ಬೀಗರ ಬೇಕಾಗಿತ್ತು ನಮಗ. ಆದ್ರ ಒಂದು ಶರತ್ತು. ಲಗ್ನದಾಗ ಶೇಡಬಾಳದ ಮಂದಿ ಮುಂದ ಗುರಪ್ಪನ್ನಾರು ಈ ನಕಲಾ ಮಾಡಬೇಕು. ಎರಡು ಸಾವಿರ ಮಂದಿ ಕೂಡ್ತೈತಿ!"

"ಎರಡೇನ್ರಿ, ಮೂರು ಸಾವಿರದ ಮುಂದನೂ ಮಾಡ್ತಾನ" ಎಂದು ಕಸ್ತೂರೆವ್ವ ಅವನ ಪರವಾಗಿ ಒಪ್ಪಿಕೊಂಡಳು. ಎಲ್ಲರ ಬಾಯಿಗೆ ಸಕ್ಕರೆ ಬಿತ್ತು. ಗುರಪ್ಪನ ಬಾಯಿಗೆ ಎರಡು ಸಲ ಬಿತ್ತು.

ಗದ್ದಲ ತಪ್ಪಿಸಿಕೊಂಡು ಅವನು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದ. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ರಾವಸಾಹೇಬರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಮೀಸೆಯ ಕೆಳಗಿಂದ ಬಹಳ ಸಣ್ಣ ದನಿ ಬಂತು.

"ಗುರಪ್ಪನ್ನಾರ, ಒಂದು ಮಾತು. ನೀವು ಈಗ ಹೇಳಿದ್ರೆಲ್ಲಾ, ಆ ಡಾಕ್ಟರು… ಮಿರಜ್ಯಾಗ ಖರೇನ ಅದಾರೇನ್ರಿ? ಯಾವ ಓಣ್ಯಾಗ?"

ಗುರಪ್ಪ ತಿರುಗಿ ನೋಡಿದ. ರಾವಸಾಹೇಬರ ಕೈ ಎದೆಯ ಕಿಸೆಯ ಮೇಲಿತ್ತು. ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂತು. ಹೌದ್ರಿ ಮಾಮಾ, ತಂಬೂರಿ ಮಾಡುವವರ ಓಣಿಗೆ ಹೋಗುವ ದಾರಿಯಲ್ಲಿ, ಮಾಳಿಗೆಯ ಮೇಲೆ. ಬಹಳ ಒಳ್ಳೆಯವರು. ಆದರೆ ಒಳಗಿನಿಂದ ತಾಯಿಯ ನಗು ಕೇಳಿಸುತ್ತಿತ್ತು. ಸಕ್ಕರೆ ಇನ್ನೂ ನಾಲಿಗೆಯ ಮೇಲೇ ಇತ್ತು. ಇದು ಚೌಕಶಿಯ ಕೊನೆಯ ಪ್ರಶ್ನೆ ಇದ್ದರೆ? ಪರೀಕ್ಷೆ ಮಾಡುತ್ತಿದ್ದರೆ?

"ಛೇ ಛೇ, ಎಲ್ಲೀ ಡಾಕ್ಟರ್ರಿ ಮಾಮಾ!" ಎಂದ. "ಅದೆಲ್ಲಾ ಟೀವ್ಯಾಗಿಂದು. ನಕಲಾ ಅಷ್ಟ. ನಮ್ಮಂಥಾ ಮನಿತನಸ್ಥರಿಗೆ ಅಂಥಾ ಜಡ್ಡು ಯಾಕ ಬರ್ತಾವ್ರಿ?"

ರಾವಸಾಹೇಬರು ಎದೆಯ ಮೇಲಿನ ಕೈ ಇಳಿಸಿದರು. "ಅದೂ ಖರೆ" ಎಂದರು. ಮೀಸೆ ಒಮ್ಮೆ ತಿರುವಿಕೊಂಡು, ತಲೆ ತಗ್ಗಿಸಿ ಒಳಗೆ ಹೋದರು.

ಆ ಸಂಜೆ ನೂರು ಜನರ ಮುಂದೆ ಗುರಪ್ಪ ನಿಜ ಹೇಳಿದ್ದ, ಒಬ್ಬರೂ ನಂಬಲಿಲ್ಲ. ನಂಬಲು ತಯಾರಿದ್ದ ಒಬ್ಬ ಮನುಷ್ಯನಿಗೆ ಸುಳ್ಳು ಹೇಳಿದ. ಅವತ್ತಿನ ಎಲ್ಲ ಅವಮಾನಕ್ಕಿಂತ ಹಿತ್ತಲಿನ ಆ ನಾಚಿಕೆಯೇ ಅವನನ್ನು ವಾರವಿಡೀ ಚುಚ್ಚಿತು. ಮೂರಕ್ಕೆ ಇಳಿದಿದ್ದ ಕೀಲಿ ಒಂಬತ್ತಕ್ಕೆ ಏರಿತು.

ಮುಂದಿನ ಗುರುವಾರ ಯಾವಾಗ ಬಂದೀತು ಎಂದು ಕಾದು ಗಾಡಿ ಹತ್ತಿದ. ಡಾಕ್ಟರರಿಗೆ ಎಲ್ಲವನ್ನೂ ಹೇಳಬೇಕು, ರಾವಸಾಹೇಬರಿಗೆ ವಿಳಾಸ ಮುಟ್ಟಿಸುವ ಉಪಾಯ ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಕುಡಚಿ ದಾಟಿತು, ಉಗಾರ ದಾಟಿತು. ಶೇಡಬಾಳ ಸ್ಟೇಶನ್ನಿನಲ್ಲಿ ಗಾಡಿ ನಿಂತಾಗ, ಟವೆಲಿನಿಂದ ಮುಖ ಮುಚ್ಚಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಪ್ರಯಾಣಿಕ ಹತ್ತಿ ಬಂದು ಸರಿಯಾಗಿ ಅವನ ಎದುರಿಗೇ ಕೂತ. ಟವೆಲಿನ ಎರಡೂ ಬದಿಗೆ ಮೀಸೆ ಹೊರಗೆ ಬಂದಿತ್ತು.

"ಮಾಮಾರಿ… ಎಲ್ಲಿಗೆ ಹೊಂಟೀರಿ?"

ರಾವಸಾಹೇಬರು ಬೆಚ್ಚಿಬಿದ್ದರು. ಟವೆಲು ಜಾರಿತು. ಎದುರಿಗೆ ಇನ್ನೊಂದು ಟವೆಲು, ಇನ್ನೊಂದು ಕಪ್ಪು ಕನ್ನಡಕ. ಅವರ ನಾಲಿಗೆ ಒಣಗಿದ್ದು ಗುರಪ್ಪನಿಗೆ ಚೆನ್ನಾಗಿ ಗೊತ್ತಾಯಿತು. ಹಾಗೆ ಒಣಗುವ ನಾಲಿಗೆಯ ಪರಿಚಯ ಅವನಿಗಿತ್ತು.

"ಸಂಗೀತ…" ಎಂದರು ರಾವಸಾಹೇಬರು. "ಸಂಗೀತ ಕಲಿಯಾಕ. ನೀವೂ ಗುರುವಾರನ ಹೋಗ್ತೀರಂತ ಅವತ್ತ ಹೇಳಿದ್ರೆಲ್ಲಾ. ಜ್ವಾಡಿ ಆತು, ಭಾಳ ಛಲೋ ಆತು. ನಿಮ್ಮ ಉಸ್ತಾದರ ಕಡೇನ ಕರಕೊಂಡು ಹೋಗ್ರಿ."

"ಅದಕ್ಕೇನ್ರಿ, ಬರ್ರಿ" ಎಂದ ಗುರಪ್ಪ. ಬೇರೆ ಏನು ಹೇಳುವುದು?

ಮಿರಜಿಯಲ್ಲಿ ಇಳಿದು ಇಬ್ಬರೂ ನಡೆದರು. ಮಾಳಿಗೆಯ ಮೇಲಿನ ಡಾಕ್ಟರರ ಬೋರ್ಡು ಬಂತು. ಇಬ್ಬರ ಹೆಜ್ಜೆಯೂ ಅಲ್ಲಿ ಸ್ವಲ್ಪ ನಿಧಾನವಾಯಿತು. ಇಬ್ಬರೂ ಓರೆಗಣ್ಣಿನಿಂದ ಮೇಲೆ ನೋಡಿದರು. ಗುರಪ್ಪ ನೋಡಿದ್ದನ್ನು ರಾವಸಾಹೇಬರು ನೋಡಿದರು, ರಾವಸಾಹೇಬರು ನೋಡಿದ್ದನ್ನು ಗುರಪ್ಪ ನೋಡಿದ. "ಬಿಸಲು ಭಾಳ ಆತು" ಎಂದರು ಒಬ್ಬರು. "ಹೌದ್ರಿ, ಭಾಳ ಆತು" ಎಂದ ಇನ್ನೊಬ್ಬ. ಬೋರ್ಡು ಹಿಂದೆ ಉಳಿಯಿತು.

ತಂಬೂರಿ ಮಾಡುವವರ ಓಣಿಯಲ್ಲಿ ವಿಚಾರಿಸಿ, ಹಾಡು ಕಲಿಸುವ ಒಬ್ಬ ಮುದುಕರನ್ನು ಗುರಪ್ಪ ಅಂತೂ ಹುಡುಕಿದ. ಹಳೆಯ ಶಿಷ್ಯನ ಹಾಗೆ ನಮಸ್ಕಾರ ಹಾಕಿ, ಅವರು "ನೀವು ಯಾರು?" ಎಂದು ಕೇಳುವ ಮೊದಲೇ ಚಾಪೆಯ ಮೇಲೆ ಕೂತುಬಿಟ್ಟ. ಮುದುಕರು ತಂಬೂರಿ ಮೀಟಿ "ಸಾ" ಹಚ್ಚಲು ಹೇಳಿದರು. ದ್ರಾಕ್ಷಿ ತೋಟದ ಧಣಿಯೂ ಕಬ್ಬಿನ ಚೀಟಿಯ ಕಾರಕೂನನೂ ಎದೆಯ ಮೇಲೆ ಕೈ ಇಟ್ಟುಕೊಂಡು, ಕಣ್ಣು ಮುಚ್ಚಿ, "ಸಾ" ಎಂದರು.

"ಇಬ್ಬರದೂ ಸ್ವರ ಯಾಕ ನಡಗತೈತ್ರಿ?" ಎಂದರು ಮುದುಕರು. "ಇರ್ಲಿ, ನಾ ಯಾರನ್ನೂ ಅರ್ಧಕ್ಕ ಬಿಟ್ಟಾವಲ್ಲ. ಇನ್ಮ್ಯಾಲ ಪ್ರತಿ ಗುರುವಾರ ಹನ್ನೊಂದಕ್ಕ ಸರಿಯಾಗಿ ಬರ್ರಿ. ತಪ್ಪಿಸಿದ್ರ ಮನೀಗೆ ಕಾಗದ ಹಾಕ್ತೇನಿ."

ಹನ್ನೊಂದಕ್ಕೆ! ಡಾಕ್ಟರರ ಹೊತ್ತೂ ಅದೇ. ಗುರಪ್ಪ ಕಣ್ಣು ತೆರೆದು ರಾವಸಾಹೇಬರನ್ನು ನೋಡಿದ. ಅವರು ಆಗಲೇ ಅವನನ್ನು ನೋಡುತ್ತಿದ್ದರು. ತಂಬೂರಿಯ ಹಿಂದಿನಿಂದ ಅವನ ಕಡೆಗೆ ಬಾಗಿ, ಮುದುಕರಿಗೆ ಕೇಳಿಸದಂತೆ ಅವರು ಪಿಸುಗುಟ್ಟಿದರು:

"ಬೀಗರ, ಆತಾ ಕಾಯ ಹೋಣಾರ?"